ಸೂರು ಬದಲಿಸಿದರೆ ಟ್ಯಾಕ್ಸ್ ಉಳಿಯುತ್ತಾ?

ಮಳೆಗಾಲಕ್ಕೆ ಮುಂಚೆ ರಾಜ್ಯದ ತುಂಬಾ ಒಂದೇ ಕೆಲಸ. ಮಲೆನಾಡಲ್ಲಿ ರೀಪು, ಪಕಾಸು ಬದಲಿಸಿ ಹೆಂಚು ಕೈಯಾಡಿಸುತ್ತಾರೆ. ಬೆಂಗಳೂರಲ್ಲಿ ಶೀಟು ತೆಗೆದು ಮೋಲ್ಡ್ ಹಾಕಿಸುತ್ತಾರೆ. ಆಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ: ಆರು ಲಕ್ಷ ಖರ್ಚಾಯ್ತಲ್ಲಾ, ಇನ್‌ಕಮ್ ಟ್ಯಾಕ್ಸಲ್ಲಿ ಎಷ್ಟು ಉಳಿಯುತ್ತೆ?

ನೇರವಾಗಿ ಹೇಳ್ತೀನಿ. ನೀವೇ ವಾಸವಿರೋ ಮನೆ, ಕೈಯಿಂದ ಹಾಕಿದ ದುಡ್ಡು ಅಂದ್ರೆ ಈ ವರ್ಷ ಒಂದು ರೂಪಾಯಿಯೂ ಉಳಿಯಲ್ಲ. ಆದರೆ ಬಿಲ್ ಹರಿದು ಹಾಕಬೇಡಿ. ಆ ಕಾಗದಕ್ಕೆ ಬೆಲೆ ಬರೋದು ಇವತ್ತಲ್ಲ, ಮನೆ ಮಾರುವ ದಿನ.

ಸಾಲ ಮಾಡಿ ರಿಪೇರಿ ಮಾಡಿಸಿದರೆ? ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ ವಾಸದ ಮನೆಯ ರಿಪೇರಿ ಸಾಲದ ಬಡ್ಡಿಗೆ ವರ್ಷಕ್ಕೆ 30,000 ರೂಪಾಯಿವರೆಗೆ ಕಡಿತ ಸಿಗುತ್ತೆ. ಮನೆ ಕಟ್ಟೋ ಸಾಲಕ್ಕಿರುವ 2 ಲಕ್ಷದ ಮಿತಿ ರಿಪೇರಿ ಸಾಲಕ್ಕೆ ಅನ್ವಯಿಸಲ್ಲ. ಹೊಸ ಪದ್ಧತಿ ಆರಿಸಿಕೊಂಡವರಿಗೆ ವಾಸದ ಮನೆಯ ಬಡ್ಡಿಗೆ ಏನೂ ಇಲ್ಲ.

ಬಾಡಿಗೆ ಮನೆಯ ಲೆಕ್ಕ ಬೇರೆ. ವರ್ಷದ ಬಾಡಿಗೆಯಲ್ಲಿ ನೀವು ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ. 30ರಷ್ಟನ್ನು ಸರ್ಕಾರ ತಾನಾಗೇ ಬಿಡುತ್ತೆ. ಸುಣ್ಣ-ಬಣ್ಣ, ಸೂರು ಎಲ್ಲ ಅದರಲ್ಲೇ ಬಂತು. ಒಂದು ಹೆಂಚೂ ಬದಲಿಸದವರಿಗೂ ಅಷ್ಟೇ, ಪೂರ್ತಿ ಸೂರು ಬದಲಿಸಿದವರಿಗೂ ಅಷ್ಟೇ. ಸಾಲವಿದ್ದರೆ ಅದರ ಬಡ್ಡಿಯನ್ನು ಬೇರೆಯಾಗಿ ಕಳೆಯಬಹುದು. ಇದಕ್ಕೆ ಹೊಸ ಪದ್ಧತಿಯೂ ಅಡ್ಡಿಯಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಮನೆ ಮಾರಿದಾಗ ಲಾಭದ ಮೇಲೆ ತೆರಿಗೆ. ಲಾಭ ಅಂದ್ರೆ ಮಾರಿದ ಬೆಲೆಯಲ್ಲಿ ಕೊಂಡ ಬೆಲೆ, ಜೊತೆಗೆ ಮನೆಯ 'ಸುಧಾರಣೆ'ಗೆ ಹಾಕಿದ ವೆಚ್ಚ ಕಳೆದು ಉಳಿಯೋದು. ನಾನು ಓದಿದ್ದು ಇಂಜಿನಿಯರಿಂಗ್. ನಮ್ಮ ಭಾಷೆಯಲ್ಲಿ ಸೂರು ಅಂದ್ರೆ ಭಾರ, ಇಳಿಜಾರು, ಬಾಳಿಕೆ. ತೆರಿಗೆಯವರು ಕೇಳೋದು ಬೇರೆ: ಇದ್ದದ್ದನ್ನು ಉಳಿಸಿಕೊಂಡಿರಾ, ಇಲ್ಲದ್ದನ್ನು ತಂದಿರಾ? ಒಡೆದ ಹೆಂಚಿಗೆ ಬದಲು ಹೆಂಚು, ಬಿರುಕಿಗೆ ಗಾರೆ ಹಾಕಿಸಿದರೆ ಅದು ರಿಪೇರಿ, ಲೆಕ್ಕಕ್ಕಿಲ್ಲ. ಶೀಟು ತೆಗೆದು ಆರ್‌ಸಿಸಿ ಹಾಕಿಸಿದರೆ ಅದು ಸುಧಾರಣೆ. ಇವೆರಡರ ಮಧ್ಯದ ಕೆಲಸಕ್ಕೆ ಆಡಿಟರ್ ಹತ್ತಿರ ಕೂತು ಮಾತಾಡಿ.

ಲೆಕ್ಕ ನೋಡಿ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಮನೆ ಮಾರಿದರೆ ಲಾಭದ ಮೇಲೆ ಈಗ ಶೇ. 12.5 ತೆರಿಗೆ, ಅದರ ಮೇಲೆ ಶೇ. 4 ಸೆಸ್. ಆರು ಲಕ್ಷದ ಸೂರಿಗೆ ಬಿಲ್ ಇದ್ದರೆ ಲಾಭ ಆರು ಲಕ್ಷ ಕಮ್ಮಿ, ತೆರಿಗೆ 78,000 ರೂಪಾಯಿ ಕಮ್ಮಿ. ಬಿಲ್ ಇಲ್ಲಾಂದ್ರೆ ಆ ದುಡ್ಡು ನಿಮ್ಮ ಜೇಬಿಂದ. 2024ರ ಜುಲೈ 23ಕ್ಕಿಂತ ಮುಂಚೆ ಕೊಂಡ ಮನೆಯಾದರೆ, ಇಲ್ಲೇ ವಾಸವಿರುವವರು ಹಣದುಬ್ಬರ ಹೊಂದಿಸಿ ಶೇ. 20ರ ಲೆಕ್ಕವನ್ನೂ ಹಾಕಿ ನೋಡಬಹುದು; ಎರಡರಲ್ಲಿ ಯಾವುದು ಕಮ್ಮಿಯೋ ಅದನ್ನು ಕಟ್ಟಿದರಾಯ್ತು. 2001ರ ಏಪ್ರಿಲ್ 1ಕ್ಕಿಂತ ಹಿಂದಿನ ಸುಧಾರಣೆ ಮಾತ್ರ ಲೆಕ್ಕಕ್ಕೆ ಬರಲ್ಲ. ಕಡಿತ ಪಡೆದ ಬಡ್ಡಿಯನ್ನು ಮತ್ತೆ ಇಲ್ಲಿ ಸೇರಿಸೋ ಹಾಗಿಲ್ಲ.

"ಬಿಲ್ ಕೊಟ್ಟರೆ ಜಿಎಸ್‌ಟಿ ಬೀಳುತ್ತೆ ಸಾರ್" ಅಂತ ಮೇಸ್ತ್ರಿ ಹೇಳಬಹುದು. ವರ್ಷಕ್ಕೆ 20 ಲಕ್ಷದೊಳಗೆ ವಹಿವಾಟು ಮಾಡೋ ಸಣ್ಣ ಗುತ್ತಿಗೆದಾರರು ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ಅಂಥವರು ತೆರಿಗೆ ಸೇರಿಸದೆ ಸಾದಾ ಬಿಲ್ ಕೊಡಬಹುದು. ಕೇಳಿ ಪಡೆಯಿರಿ.

ಕಂಬಿ, ಸಿಮೆಂಟಿನ ಬಿಲ್, ಗುತ್ತಿಗೆ ಕರಾರು, ಬ್ಯಾಂಕ್ ಮೂಲಕ ಕೊಟ್ಟ ದುಡ್ಡಿನ ದಾಖಲೆ, ಕೆಲಸಕ್ಕೆ ಮುಂಚಿನ ಮತ್ತು ನಂತರದ ಫೋಟೋ, ಎಲ್ಲ ಒಂದು ಕವರಲ್ಲಿ ಹಾಕಿ. ಮನೆ ಪತ್ರದ ಜೊತೆಗೇ ಇಡಿ. ಎಲ್ಲಿಟ್ಟಿದ್ದೀರಿ ಅಂತ ಮಕ್ಕಳಿಗೂ ಹೇಳಿ. ನಾಳೆ ಆ ಮನೆ ಅವರ ಕೈಗೆ ಬಂದು ಅವರು ಮಾರಿದರೆ, ನೀವು ಹಾಕಿಸಿದ ಸೂರಿನ ಖರ್ಚು ಅವರ ಲೆಕ್ಕಕ್ಕೂ ಬರುತ್ತೆ. ಆಗ ಲೆಕ್ಕ ಕೇಳಿದರೆ ಹೇಳೋಕೆ ನೀವಿರಲ್ಲ, ಆ ಕವರ್ ಇರಬೇಕು.