ಲಸಿಕೆ ಸಲಹಾ ಸಮಿತಿಯ ನಡಾವಳಿ ಜನರಿಗೆ ಸಿಗುತ್ತದೆಯೇ?

ಪ್ರಶ್ನೆ: ಮಕ್ಕಳ ಲಸಿಕೆಗಳ ಬಗ್ಗೆ ಕೇಂದ್ರ ಸರ್ಕಾರಕ್ಕೆ ಸಲಹೆ ಕೊಡುವ ತಜ್ಞರ ಸಭೆಯಲ್ಲಿ ಏನು ಚರ್ಚೆಯಾಯಿತೆಂದು ನಾವು ಕೇಳಬಹುದೇ?

ಉತ್ತರ: ಖಂಡಿತ ಕೇಳಬಹುದು. ಆ ಸಲಹೆ ಕೊಡುವುದು 2001ರಲ್ಲಿ ರಚನೆಯಾದ ‘ಎನ್‌ಟಿಎಜಿಐ’ ಎಂಬ ತಜ್ಞರ ಗುಂಪು. ಅದು ಕೇಂದ್ರ ಆರೋಗ್ಯ ಸಚಿವಾಲಯಕ್ಕೆ ಸೇರಿದ್ದರಿಂದ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಸಚಿವಾಲಯದ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ‘ಈ ಲಸಿಕೆ ಏಕೆ?’ ಎನ್ನುವ ಬದಲು ಇಂಥ ಸಭೆಯ ನಡಾವಳಿ, ಸದಸ್ಯರ ಹಿತಾಸಕ್ತಿ ಘೋಷಣೆಯ ಪ್ರತಿ ಎಂದು ನಿರ್ದಿಷ್ಟ ದಾಖಲೆಯನ್ನೇ ಕೇಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ, ಆಮೇಲೆ ಕೇಂದ್ರ ಮಾಹಿತಿ ಆಯೋಗ. ವ್ಯಾಪಾರ ರಹಸ್ಯದಂಥ ವಿನಾಯಿತಿಗಳಿವೆ. ಆದರೆ ಸಾರ್ವಜನಿಕ ಹಿತ ದೊಡ್ಡದಾದರೆ ಅಂಥ ಮಾಹಿತಿಯನ್ನೂ ಕೊಡಬೇಕಾಗುತ್ತದೆ. ನಮ್ಮ ಮಕ್ಕಳ ತೋಳಿಗೆ ಚುಚ್ಚುವ ಸೂಜಿಯ ಹಿಂದಿನ ಕಾರಣ ತಿಳಿಯುವುದು ನಮ್ಮ ಹಕ್ಕು, ಲಸಿಕೆಯ ಮೇಲಿನ ನಂಬಿಕೆಗೂ ಅದೇ ಬಲ.