ಗೋಬಿಗೆ ಬಣ್ಣ ಯಾಕ್ರೀ?

ಬಸ್ ಸ್ಟ್ಯಾಂಡ್ ಎದುರಿನ ಗಾಡಿಯಲ್ಲಿ ಕೆಂಪಗೆ ಹೊಳೆಯುವ ಗೋಬಿ ಮಂಚೂರಿ ಕಂಡರೆ ಯಾರ ಬಾಯಲ್ಲಿ ನೀರೂರೋದಿಲ್ಲ? ಆದರೆ ಆ ಕೆಂಪೆಲ್ಲ ಮೆಣಸಿನಕಾಯಿಯದ್ದಲ್ಲ ಸ್ವಾಮಿ. 2024ರಲ್ಲಿ ರಾಜ್ಯದ ಆರೋಗ್ಯ ಇಲಾಖೆ ಪರೀಕ್ಷೆ ಮಾಡಿಸಿದ 171 ಗೋಬಿ ಮಾದರಿಗಳ ಪೈಕಿ 107ರಲ್ಲಿ ಹಾಕಬಾರದ ಬಣ್ಣ ಸಿಕ್ಕಿತು. ಜಾತ್ರೆಯ ಬೊಂಬಾಯಿ ಮಿಠಾಯಿ, ಅಂದರೆ ಈಗಿನವರ ಕಾಟನ್ ಕ್ಯಾಂಡಿಯ ಕಥೆಯೂ ಅಷ್ಟೇ: 25ಕ್ಕೆ 15. ಸಿಕ್ಕ ಬಣ್ಣಗಳಲ್ಲಿ ರೋಡಮೈನ್-ಬಿ ಒಂದು. ಅದು ಬಟ್ಟೆಗೆ ಹಾಕುವ ಬಣ್ಣ!

ಆ ವರ್ಷ ಮಾರ್ಚ್ 11ರಂದು ಇವೆರಡಕ್ಕೂ ಕೃತಕ ಬಣ್ಣ ಹಾಕಕೂಡದೆಂದು ಸರ್ಕಾರ ಹೇಳಿತು. ತಪ್ಪಿದರೆ 7 ವರ್ಷದಿಂದ ಜೀವಾವಧಿವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ.

‘ಬಣ್ಣ ಇಲ್ದಿದ್ರೆ ಗಿರಾಕಿ ಮುಟ್ಟಲ್ಲ’ ಅನ್ನೋದು ಗಾಡಿಯವರ ಗೋಳು. ಸುಳ್ಳೇನಲ್ಲ, ಕೆಂಪು ಕೇಳಿ ಅಭ್ಯಾಸ ಮಾಡಿಸಿದವರು ನಾವೇ. ಬ್ಯಾಡಗಿ ಮೆಣಸಿನಕಾಯಿ ನೆನೆಸಿ ಅರೆದು ಹಾಕಿದರೆ ಒಳ್ಳೇ ಕೆಂಪೇ ಬರುತ್ತೆ. ಪ್ಲೇಟಿಗೆ ನಾಲ್ಕು ಕಾಸು ಹೆಚ್ಚು ಕೇಳಿದರೆ ಕೊಡೋಣ ಬಿಡಿ.