ಪುಟಗುರುತಿಗೆ ಹೆಸರಿಡುವ ಬಗೆ

ಲೋಲಕದ ಬಗ್ಗೆ ಒಳ್ಳೆಯದೊಂದು ಜಾಲಪುಟ ನಿಮಗೆ ಸಿಕ್ಕಿತೆನ್ನಿ. ಶಾಲೆಯ ಕಂಪ್ಯೂಟರಿನಲ್ಲಿ ಅದರ ಪುಟಗುರುತನ್ನು, ಅಂದರೆ ಬುಕ್‌ಮಾರ್ಕನ್ನು, ಉಳಿಸಿದಿರಿ. ಮನೆಗೆ ಬಂದು ಹುಡುಕಿದರೆ ಇಲ್ಲ. ಅದು ಉಳಿದಿರುವುದು ಶಾಲೆಯ ಯಂತ್ರದಲ್ಲಿ. ಈ ತೊಡಕಿಗೆ ಒಂದು ಪರಿಹಾರವಾಗಿ 2003ರಲ್ಲಿ ಅಮೆರಿಕದ ಜೋಶುವಾ ಶಾಕ್ಟರ್ ‘ಡೆಲಿಶಿಯಸ್’ ಎಂಬ ಸೇವೆ ಆರಂಭಿಸಿದರು. ಪುಟಗುರುತುಗಳನ್ನು ಅಂತರಜಾಲದಲ್ಲೇ ಇರಿಸಿ, ಪ್ರತಿಯೊಂದಕ್ಕೂ ನಿಮಗೆ ತೋಚಿದ ಪದಗಳನ್ನು ಟ್ಯಾಗ್ ಆಗಿ ಅಂಟಿಸಿ, ಇತರರಿಗೂ ಕಾಣುವಂತೆ ಇಡುವುದು ಅದರ ಕ್ರಮ.

ಗ್ರಂಥಾಲಯದ ಕಪಾಟಿನಲ್ಲಿ ಒಂದು ಪುಸ್ತಕಕ್ಕೆ ಒಂದೇ ಜಾಗ. ಟ್ಯಾಗಿಗೆ ಆ ಮಿತಿಯಿಲ್ಲ. ಲೋಲಕದ ಅದೇ ಪುಟ ‘ಆಂದೋಲನ’, ‘ಗುರುತ್ವ’, ‘ಏಳನೇ ತರಗತಿ’ ಈ ಮೂರರಲ್ಲೂ ಸಿಗುತ್ತದೆ. ಗಣಿತದ ಭಾಷೆಯಲ್ಲಿ ಪ್ರತಿ ಟ್ಯಾಗೂ ಒಂದು ಗಣ. ಎರಡು ಟ್ಯಾಗುಗಳನ್ನು ಒಟ್ಟಿಗೆ ಕೇಳಿದಾಗ ನಿಮಗೆ ದೊರೆಯುವುದು ಆ ಗಣಗಳ ಛೇದನ.

ಪದದ ಆಯ್ಕೆ ಬಳಸುವವರಿಗೇ ಬಿಟ್ಟದ್ದು. ತೊಂದರೆ ಹುಟ್ಟುವುದೂ ಅಲ್ಲೇ. ನಮ್ಮ ಊರುಗಳನ್ನೇ ತೆಗೆದುಕೊಳ್ಳಿ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಅಧ್ಯಾಪಕರು ಸೇರಿ ಪಂಚಗಂಗಾವಳಿಯ ಅಳಿವೆ, ಮರವಂತೆಯ ಕಡಲ್ಕೊರೆತ, ಕರಾವಳಿಯ ಭತ್ತದ ತಳಿಗಳು ಇವುಗಳ ಕುರಿತ ಪುಟಗಳನ್ನು ಒಂದೆಡೆ ಕೂಡಿಡುತ್ತಾರೆನ್ನಿ. ಇಂಗ್ಲಿಷಿನಲ್ಲಿ ಬೈಂದೂರನ್ನು ಒಬ್ಬರು ‘ಬಿ, ವೈ’ ಎಂದು, ಇನ್ನೊಬ್ಬರು ‘ಬಿ, ಎ, ಐ’ ಎಂದು ಆರಂಭಿಸುತ್ತಾರೆ. ಕುಂದಾಪುರದ ಕೊನೆಗೆ ‘ಎ’ ಕೆಲವರು ಹಾಕುತ್ತಾರೆ, ಕೆಲವರು ಬಿಡುತ್ತಾರೆ. ಹಳೆಯ ದಾಖಲೆಗಳಲ್ಲಂತೂ ಮೊದಲಕ್ಷರವೇ ‘ಸಿ’. ಕಂಪ್ಯೂಟರಿಗೆ ಇವೆಲ್ಲ ಬೇರೆ ಬೇರೆ ಊರು! ಬೈಂದೂರು ಹಿಂದೆ ಕುಂದಾಪುರ ತಾಲೂಕಿನಲ್ಲೂ ಬ್ರಹ್ಮಾವರ ಉಡುಪಿ ತಾಲೂಕಿನಲ್ಲೂ ಇದ್ದುದರಿಂದ, ಹಳೆಯ ಪುಟಗಳಲ್ಲಿನ ತಾಲೂಕಿನ ಹೆಸರೂ ದಾರಿ ತಪ್ಪಿಸುತ್ತದೆ.

ಕನ್ನಡದಲ್ಲೇ ಬರೆದರೆ ಸರಿಹೋಗುವುದೇ? ಪೂರ್ತಿ ಇಲ್ಲ. ‘ಸೂರ್ಯ’ವನ್ನು ಅರ್ಕಾವತ್ತಿನಿಂದಲೂ ಬರೆಯಬಹುದು, ರಕಾರಕ್ಕೆ ಯ ಒತ್ತು ಕೊಟ್ಟೂ ಬರೆಯಬಹುದು. ಓದುವ ನಮಗೆ ಎರಡೂ ಒಂದೇ. ಯುನಿಕೋಡ್‌ನಲ್ಲಿ ಎರಡನೆಯದಕ್ಕೆ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದು ಹೆಚ್ಚಿಗೆ ಇರುತ್ತದೆ. ನೇರ ಹೋಲಿಕೆಯಲ್ಲಿ ಅವು ಭಿನ್ನ ಪದಗಳು. ಅರ್ಥದ ಗೊಂದಲ ಇನ್ನೂ ಸ್ವಾರಸ್ಯಕರ. ಭೌತಶಾಸ್ತ್ರದ ‘ಶಕ್ತಿ’ಯನ್ನು ಹುಡುಕಿದವರಿಗೆ ಕೊಲ್ಲೂರಿನ ಪುಟಗಳು ಬಂದರೆ ಯಂತ್ರವನ್ನು ದೂರುವಂತಿಲ್ಲ. ‘ಶಕ್ತಿ-ಭೌತ’ ಎಂದು ಬರೆದರೆ ಆ ಸಮಸ್ಯೆ ತೀರಿತು. ಆದ್ದರಿಂದ ಕೆಲಸ ಆರಂಭಿಸುವ ಮುನ್ನವೇ ಇಪ್ಪತ್ತು ಮೂವತ್ತು ಪದಗಳನ್ನು ಕಾಗುಣಿತ ಸಹಿತ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಇಟ್ಟುಕೊಳ್ಳಿ. ಒಬ್ಬರೇ ಬಳಸುವುದಾದರೆ ಇಷ್ಟೊಂದು ಕಟ್ಟುನಿಟ್ಟು ಬೇಡ.

ಇನ್ನೊಂದು ಮಾತು. ಪುಟಗುರುತಿನಲ್ಲಿ ಇರುವುದು ವಿಳಾಸ ಮಾತ್ರ, ಪುಟವಲ್ಲ. 2013ರಲ್ಲಿದ್ದ ಜಾಲಪುಟಗಳಲ್ಲಿ ಶೇಕಡಾ 38ರಷ್ಟು ಹತ್ತು ವರ್ಷಗಳ ಬಳಿಕ ಸಿಗುತ್ತಿರಲಿಲ್ಲ ಎಂದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ವರದಿ ಮಾಡಿತು. ಮುಖ್ಯವಾದ ಪುಟವನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಉಳಿಸಿ, ಆ ವಿಳಾಸವನ್ನೂ ಜೊತೆಗೆ ಬರೆದಿಡಿ. ಸಂಗ್ರಹಿಸಿಡುವ ಸೇವೆಗಳೂ ಶಾಶ್ವತವಲ್ಲ. ಡೆಲಿಶಿಯಸ್‌ಅನ್ನು 2005ರಲ್ಲಿ ಯಾಹೂ ಕೊಂಡಿತು. ಬಳಿಕ ಅದು ಕೈಯಿಂದ ಕೈಗೆ ದಾಟಿ, 2017ರಲ್ಲಿ ಹೊಸ ಪುಟಗುರುತು ಸೇರಿಸುವುದೇ ನಿಂತಿತು. ಮೊಜಿಲ್ಲಾದ ‘ಪಾಕೆಟ್’ 2025ರ ಜುಲೈಯಲ್ಲಿ ಮುಚ್ಚಿತು. ಬಹುತೇಕ ಸೇವೆಗಳಲ್ಲೂ ಬ್ರೌಸರುಗಳಲ್ಲೂ ‘ಎಕ್ಸ್‌ಪೋರ್ಟ್’ ಎಂಬ ಆಯ್ಕೆ ಇರುತ್ತದೆ. ಅದು ನಿಮ್ಮ ಪಟ್ಟಿಯನ್ನು ಸಾಮಾನ್ಯವಾಗಿ ಒಂದು ಎಚ್‌ಟಿಎಂಎಲ್ ಕಡತವಾಗಿ ಕೊಡುತ್ತದೆ. ಪ್ರತಿ ಅವಧಿ ಪರೀಕ್ಷೆ ಮುಗಿದಾಗ ಆ ಕಡತವನ್ನು ಇಳಿಸಿಕೊಂಡು, ಶಾಲೆಯ ಪೆನ್‌ಡ್ರೈವಿನಲ್ಲೂ ಒಂದು ಪ್ರತಿ ಇಡಿ.